ಯಾವುದರಲ್ಲಿ ಶಾಣ್ಯಾ? ಮನೆಪಾಠದಲ್ಲಿ ಮಗುವಿನ ಬುದ್ಧಿಯನ್ನು ಗುರುತಿಸುವ ಬಗೆ

ಕೊಪ್ಪಳದ ನಮ್ಮ ಕಡೆ ಮಕ್ಕಳ ಓದಿನ ಬಗ್ಗೆ ಎರಡು ಮಾತುಗಳು ಬಹಳ ಸಲೀಸಾಗಿ ಬಾಯಿಗೆ ಬರುತ್ತವೆ. ಅಂಕ ಚೆನ್ನಾಗಿ ಬಂದಿದ್ದರೆ ‘ಹುಡುಗ ಭಾಳ ಶಾಣ್ಯಾ ಅದಾನ’ ಎನ್ನುತ್ತೇವೆ. ಬಾರದಿದ್ದರೆ ‘ಅಭ್ಯಾಸ ತಲಿಗೆ ಹತ್ತೂದಿಲ್ಲ’ ಎನ್ನುತ್ತೇವೆ. ಎರಡನ್ನೂ ಮಗು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗಲೇ ಆಡುತ್ತೇವೆ. ನನ್ನ ಇಬ್ಬರು ಮಕ್ಕಳ ಜೊತೆಗೆ ಓಣಿಯ ನಾಲ್ಕೈದು ಮಕ್ಕಳನ್ನೂ ಸಂಜೆ ಪಡಸಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳಲು ತೊಡಗಿ ಹಲವು ವರ್ಷಗಳಾದವು. ತಲೆಗೆ ಹತ್ತುವುದಿಲ್ಲ ಎಂದು ಯಾರಾದರೂ ಹೇಳಿದಾಗಲೆಲ್ಲ, ಯಾವ ವಿಷಯ ಹತ್ತಲಿಲ್ಲ, ಅದನ್ನು ಯಾವ ದಾರಿಯಿಂದ ಹೇಳಿಕೊಡಲಾಗಿತ್ತು ಎಂದು ಕೇಳಬೇಕೆನ್ನಿಸುತ್ತದೆ. ಬುದ್ಧಿ ಒಂದೇ ಬಗೆಯದೋ ಹಲವು ಬಗೆಯದೋ ಎಂಬ ಪ್ರಶ್ನೆಯ ಮೇಲೆ ಮನೋವಿಜ್ಞಾನಿಗಳು ನೂರು ವರ್ಷಗಳಿಗೂ ಹೆಚ್ಚು ಕಾಲ ವಾದ ಮಾಡಿದ್ದಾರೆ. ಮನೆಯಲ್ಲಿ ಪಾಠ ಹೇಳುವವರು ಆ ವಾದದಿಂದ ಏನನ್ನು ತೆಗೆದುಕೊಳ್ಳಬಹುದು, ಏನನ್ನು ಬಿಡಬೇಕು ಎಂಬುದನ್ನು ಬಿಡಿಸಿ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಬುದ್ಧಿಯನ್ನು ಅಳೆಯುವ ಮೊದಲ ಉಪಯುಕ್ತ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೊನ್ ಸಿದ್ಧಪಡಿಸಿದರು. ತರಗತಿಯಲ್ಲಿ ಹಿಂದೆ ಬೀಳುತ್ತಿದ್ದ ಮಕ್ಕಳಲ್ಲಿ ಯಾರಿಗೆ ವಿಶೇಷ ನೆರವು ಬೇಕು ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಬುದ್ಧಿ ಎನ್ನುವುದು ಹುಟ್ಟಿನಿಂದ ಸಾಯುವ ತನಕ ಬದಲಾಗದ ಒಂದು ಪರಿಮಾಣ ಎಂಬ ಮಾತನ್ನು ಬಿನೆ ಒಪ್ಪುತ್ತಿರಲಿಲ್ಲ. ಅಭ್ಯಾಸದಿಂದ ಅದು ಬೆಳೆಯುತ್ತದೆ ಎಂದೇ ಅವರು ನಂಬಿದ್ದರು. ಆದರೆ 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನ ಮಕ್ಕಳ ಮಟ್ಟದ ಪ್ರಶ್ನೆಗಳನ್ನು ಬಿಡಿಸಬಲ್ಲದೋ ಆ ವಯಸ್ಸನ್ನು, ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕವನ್ನು ತಂದರು, 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಜನಪ್ರಿಯಗೊಳಿಸಿದರು, ಐಕ್ಯೂ ಎಂಬ ಒಂದೇ ಸಂಖ್ಯೆ ಮಗುವಿನ ಹಣೆಗೆ ಅಂಟಿಕೊಂಡಿತು. ಇದಕ್ಕೆ ಮೊದಲೇ, 1904ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಉಳಿದ ವಿಷಯಗಳಲ್ಲೂ ಮುಂದಿರುತ್ತಾರೆ ಎಂಬುದನ್ನು ಗಮನಿಸಿ, ಎಲ್ಲಕ್ಕೂ ಮೂಲವಾಗಿ ಒಂದು ಸಾಮಾನ್ಯ ಬುದ್ಧಿಶಕ್ತಿ ಇರಬೇಕೆಂದು ವಾದಿಸಿದ್ದರು. ಈ ಗಮನಿಕೆ ಸುಳ್ಳಾಗಿಲ್ಲ; ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಇದಕ್ಕೆ ಎದುರಾಗಿ 1983ರಲ್ಲಿ ಬಹು ಬುದ್ಧಿಮತ್ತೆಯ ಸಿದ್ಧಾಂತವನ್ನು ಮಂಡಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಹೊವರ್ಡ್ ಗಾರ್ಡ್‌ನರ್. ಅವರು ಒಂದು ಕಡೆ ಮಕ್ಕಳ ಕಲಾಸಾಮರ್ಥ್ಯವನ್ನೂ ಇನ್ನೊಂದು ಕಡೆ ಮಿದುಳಿಗೆ ಪೆಟ್ಟಾದ ರೋಗಿಗಳನ್ನೂ ಅಧ್ಯಯನ ಮಾಡುತ್ತಿದ್ದರು. ಪೆಟ್ಟು ಬಿದ್ದ ಜಾಗವನ್ನು ಅವಲಂಬಿಸಿ ಒಂದು ಸಾಮರ್ಥ್ಯ ಹೋಗಿ ಇನ್ನೊಂದು ಉಳಿಯುವುದು ಅವರ ಗಮನಕ್ಕೆ ಬಂತು. ಇಂಥದ್ದಕ್ಕೆ ಪ್ರಸಿದ್ಧ ಉದಾಹರಣೆ ರಷ್ಯಾದ ಸಂಗೀತ ರಚನಕಾರ ವಿಸ್ಸಾರಿಯೊನ್ ಶೆಬಾಲಿನ್ ಅವರದು. 1959ರ ಪಾರ್ಶ್ವವಾಯುವಿನ ನಂತರ ಅವರಿಗೆ ಮಾತನಾಡುವುದೂ ಇತರರ ಮಾತನ್ನು ಗ್ರಹಿಸುವುದೂ ಬಹಳ ಕಷ್ಟವಾಯಿತು; ಆದರೂ 1963ರಲ್ಲಿ ತೀರಿಕೊಳ್ಳುವ ತನಕ ಅವರು ಸಂಗೀತ ರಚಿಸುತ್ತಲೇ ಇದ್ದರು. ಮಾತೂ ರಾಗವೂ ಒಂದೇ ಎಣ್ಣೆಯಿಂದ ಉರಿಯುವ ಎರಡು ದೀಪಗಳಾಗಿದ್ದರೆ ಒಂದು ಆರಿ ಇನ್ನೊಂದು ಹೀಗೆ ಉರಿಯುತ್ತಿರಲಿಲ್ಲ ಎಂಬುದು ಈ ವಾದದ ತಿರುಳು. ಗಾರ್ಡ್‌ನರ್ ಮೊದಲು ಏಳು ಬಗೆಗಳನ್ನು ಹೇಳಿದರು: ಭಾಷೆಯದು, ತರ್ಕ ಮತ್ತು ಗಣಿತದ್ದು, ಸಂಗೀತದ್ದು, ದೇಹ ಮತ್ತು ಕೈಗಳದ್ದು, ಆಕಾರ ಮತ್ತು ಜಾಗವನ್ನು ಮನಸ್ಸಿನಲ್ಲಿ ಕಾಣುವಂಥದ್ದು, ಇತರರನ್ನು ಅರಿಯುವಂಥದ್ದು, ತನ್ನನ್ನು ತಾನು ಅರಿಯುವಂಥದ್ದು. ಮುಂದೆ 1990ರ ದಶಕದಲ್ಲಿ ಗಿಡ, ಪ್ರಾಣಿ, ನೆಲಗಳ ವ್ಯತ್ಯಾಸವನ್ನು ಗುರುತಿಸುವ ನಿಸರ್ಗದ ಬುದ್ಧಿಯನ್ನು ಎಂಟನೆಯದಾಗಿ ಸೇರಿಸಿದರು.

ಪಠ್ಯದ ಭಾಷೆಯಲ್ಲಿ ಈ ಹೆಸರುಗಳು ಭಾರವೆನಿಸಬಹುದು. ನಮ್ಮ ಆಡುಮಾತಿನಲ್ಲಾದರೋ ಇವು ಮೊದಲಿನಿಂದಲೂ ಇವೆ. ದರ್ಜಿಗೆ ಕಣ್ಣಳತೆ ಇದೆ ಎನ್ನುತ್ತೇವೆ, ಸೂಲಗಿತ್ತಿಗೆ ಕೈಗುಣ ಇದೆ ಎನ್ನುತ್ತೇವೆ, ಪಂಚಾಯ್ತಿಗೆ ಕೂರುವ ಹಿರಿಯರು ಮನಸ್ಸರಿತು ಮಾತನಾಡುತ್ತಾರೆ ಎನ್ನುತ್ತೇವೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಬಟ್ಟೆ ಕತ್ತರಿಸುವ ಮಾಸ್ತರರು ಕಾಲು, ಸೊಂಟಪಟ್ಟಿ, ಜೇಬುಗಳ ತುಂಡುಗಳನ್ನು ಅರಿವೆ ಕಡಿಮೆ ಪೋಲಾಗುವಂತೆ ಹೊಂದಿಸಿ ಗೆರೆ ಎಳೆಯುವುದು ರೇಖಾಗಣಿತವಲ್ಲದೆ ಬೇರೆ ಏನೂ ಅಲ್ಲ. ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ತುಂಡುಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮೇಲೆ ಲೇಪ ಕೊಟ್ಟು ಬಣ್ಣ ಹಚ್ಚುವಾಗ, ಗೊಂಬೆಯ ಮುಖ ಯಾವ ಕಡೆ ಎಷ್ಟು ವಾಲಬೇಕೆಂಬುದು ಮರ ಮರವಾಗಿರುವಾಗಲೇ ಅವರಿಗೆ ಕಾಣುತ್ತಿರುತ್ತದೆ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹನ್ನೆರಡು ದೀರ್ಘ ಕಥನಕಾವ್ಯಗಳನ್ನು ಅವರು ನೆನಪಿನಿಂದಲೇ ಹಾಡುತ್ತಿದ್ದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ತೀರಿಕೊಂಡಾಗ ಒಂದು ಗ್ರಂಥಾಲಯದಷ್ಟು ಸಾಹಿತ್ಯವನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದವರು ಹೋದರು. ಶಾಲೆಯ ಪ್ರಗತಿಪತ್ರದ ಯಾವ ಕಾಲಂನಲ್ಲಿ ಅವರಿಗೆ ಅಂಕ ಸಿಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇಷ್ಟು ಹೇಳಿದರೆ ವಿಷಯ ಅರ್ಧ ಮಾತ್ರ ಆಗುತ್ತದೆ. ಮಗುವಿನಲ್ಲಿ ಒಂದು ಬಗೆಯ ಚುರುಕು ಇದೆ ಎಂದು ಗುರುತಿಸುವುದು ಸುಲಭ, ಅದರಿಂದ ಪುಸ್ತಕದ ಪಾಠಕ್ಕೆ ದಾರಿ ಮಾಡಿಕೊಡುವುದು ಕಷ್ಟ. ನನಗೆ ಇದನ್ನು ಕಲಿಸಿದವನು ಐದನೆಯ ತರಗತಿಯ ಒಬ್ಬ ಹುಡುಗ. ಶಾಲೆ ಬಿಟ್ಟ ಮೇಲೆ ಅವನು ತಾಯಿಯ ಜೊತೆ ಸಂತೆಯಲ್ಲಿ ಪಲ್ಲೆ ಮಾರಲು ಕೂರುತ್ತಾನೆ. ಒಮ್ಮೆ ಎಂಟು ರೂಪಾಯಿಗೆ ಒಂದರಂತೆ ಮೆಂತೆಯ ಏಳು ಸೂಡು ತೆಗೆದುಕೊಂಡು ನೂರರ ನೋಟು ಕೊಟ್ಟೆ. ‘ಐದಕ್ಕ ನಲವತ್ತು, ಎರಡಕ್ಕ ಹದಿನಾರು, ಐವತ್ತಾರಾತು’ ಎಂದವನೇ ನನ್ನ ಅಂಗೈಗೆ ಮೊದಲು ನಾಲ್ಕು ರೂಪಾಯಿ ಚಿಲ್ಲರೆ ಹಾಕಿ ‘ಅರವತ್ತು’ ಎಂದ, ಆಮೇಲೆ ನಾಲ್ಕು ಹತ್ತರ ನೋಟು ಇಟ್ಟು ‘ನೂರು’ ಎಂದ. ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. ಎರಡು ದಿನ ಬಿಟ್ಟು ಪಡಸಾಲೆಯಲ್ಲಿ ಅದೇ ಲೆಕ್ಕವನ್ನು, 100ರಲ್ಲಿ 56 ಕಳೆ ಎಂದು, ಅವನ ಪಾಟಿಯ ಮೇಲೆ ಬರೆದುಕೊಟ್ಟೆ. ಸೊನ್ನೆಯ ಕೆಳಗೆ ಆರು ಇತ್ತು, ಆರು ಬರೆದ. ಸೊನ್ನೆಯ ಕೆಳಗೆ ಐದು ಇತ್ತು, ಐದು ಬರೆದ. ಒಂದರ ಕೆಳಗೆ ಏನೂ ಇರಲಿಲ್ಲ, ಒಂದನ್ನೇ ಇಳಿಸಿದ. ಉತ್ತರ 156. ಅದರ ಕೆಳಗೆ ಎರಡು ಗೆರೆ ಎಳೆದು, ಸರಿಯಾಗಿದೆ ಎಂಬ ಧೈರ್ಯದಿಂದ ನನ್ನ ಕಡೆ ತಿರುಗಿಸಿದ.

ಇದು ನಮ್ಮ ಓಣಿಯ ಒಬ್ಬ ಹುಡುಗನ ಸಂಗತಿ ಮಾತ್ರವಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಟೆರೆಜಿನ್ಯಾ ನೂನೆಸ್ ಮತ್ತು ಸಂಗಡಿಗರು ಬೀದಿಯಲ್ಲಿ ಹಣ್ಣು, ತೆಂಗಿನಕಾಯಿ ಮಾರುವ ಐವರು ಮಕ್ಕಳನ್ನು ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿಯಾಗಿದ್ದವು. ಅದೇ ಬಗೆಯ ಲೆಕ್ಕಗಳನ್ನು ಕೂರಿಸಿ ಕಥೆಯ ರೂಪದಲ್ಲಿ ಕೇಳಿದಾಗ 74 ಸರಿಯಾದವು, ಬರಿಯ ಅಂಕಿಗಳಲ್ಲಿ ಬರೆದುಕೊಟ್ಟಾಗ 37ಕ್ಕೆ ಇಳಿದವು. ಒಂದು ತೆಂಗಿನಕಾಯಿಗೆ 35ರಂತೆ ಹತ್ತಕ್ಕೆ ಎಷ್ಟು ಎಂದು ಕೇಳಿದರೆ, ಹತ್ತರಿಂದ ಗುಣಿಸಿ ಪಕ್ಕದಲ್ಲಿ ಸೊನ್ನೆ ಹಾಕುವ ಬದಲು ಅವರಲ್ಲೊಬ್ಬ ಹುಡುಗ ಮೂರಕ್ಕೆ 105, ಇನ್ನು ಮೂರಕ್ಕೆ 210, ಮತ್ತೆ ಮೂರಕ್ಕೆ 315, ಕೊನೆಯದೊಂದು ಕೂಡಿಸಿ 350 ಎಂದು ಕಟ್ಟುತ್ತಾ ಹೋದ. ಐವರು ಮಕ್ಕಳ ಅಧ್ಯಯನ ಬಹಳ ಚಿಕ್ಕದು, ಅದನ್ನು ಮರೆಯಬಾರದು. ಆದರೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ಬಹಳ ಹೆಚ್ಚು ಮಕ್ಕಳೊಂದಿಗೆ ನಡೆಸಿ 2025ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದೇ ಕಡೆ ಬೆರಳು ತೋರಿಸಿತು. ಅದು ಇನ್ನೊಂದು ಮುಖವನ್ನೂ ತೋರಿಸಿತು. ಮಾರುಕಟ್ಟೆಯಲ್ಲಿ ದುಡಿಯುವ ಬಹಳಷ್ಟು ಮಕ್ಕಳು ಶಾಲೆಯ ಲೆಕ್ಕದಲ್ಲಿ ತಡವರಿಸಿದರು, ಶಾಲೆಯ ಲೆಕ್ಕ ಬರುವ ಬಹುಪಾಲು ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಒಂದು ಕಡೆಯ ಜಾಣತನ ತಾನಾಗಿ ನಡೆದುಕೊಂಡು ಇನ್ನೊಂದು ಕಡೆಗೆ ಹೋಗುವುದಿಲ್ಲ.

ನಡುವೆ ಸೇತುವೆಯನ್ನು ಯಾರಾದರೂ ಕಟ್ಟಬೇಕು, ನಲವತ್ತು ಐವತ್ತು ಮಕ್ಕಳ ತರಗತಿಗಿಂತ ಮನೆಯ ಪಡಸಾಲೆ ಅದಕ್ಕೆ ಹೆಚ್ಚು ಅನುಕೂಲವಾದ ಜಾಗ. ಆ ಹುಡುಗನಿಗೆ ನಾನು 156ರ ಮೇಲೆ ತಪ್ಪು ಗುರುತು ಹಾಕಲಿಲ್ಲ. ಗಿರಾಕಿ ನೂರು ಕೊಟ್ಟರೆ ನೂರಾ ಐವತ್ತಾರು ತಿರುಗಿ ಕೊಡುತ್ತೀಯಾ ಎಂದು ಕೇಳಿದೆ. ಅವನು ಪಾಟಿಯನ್ನು ನೋಡಿದ, ನನ್ನನ್ನು ನೋಡಿದ, ಅಂಗೈಯಿಂದ ಉತ್ತರವನ್ನು ಅಳಿಸಿದ. ಮೊದಲ ವಾರ ಅವನ ಸಂತೆಯ ರೀತಿಯನ್ನೇ ಬರಹಕ್ಕೆ ಇಳಿಸಿದೆವು: ಒಂದು ಗೆರೆ ಎಳೆದು ಅದರ ಮೇಲೆ 56, 60, 100 ಎಂದು ಗುರುತು ಮಾಡಿ, ನಡುವೆ 4 ಮತ್ತು 40 ಎಂದು ಬರೆದು ಕೂಡಿಸುವುದು. ಆಮೇಲೆ ಶಾಲೆಯ ದಶಕ ತೆಗೆದುಕೊಳ್ಳುವ ರೀತಿಗೆ ಬಂದೆವು. ನೂರರ ನೋಟಿಗೆ ಚಿಲ್ಲರೆ ಇಲ್ಲದಿದ್ದರೆ ಏನು ಮಾಡುತ್ತೀಯಾ ಎಂದರೆ ಪಕ್ಕದ ಅಂಗಡಿಯಲ್ಲಿ ಮುರಿಸುತ್ತೇನೆ ಎಂದ. ಮುರಿಸಿದರೆ ಹತ್ತರ ಹತ್ತು ನೋಟು, ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ ಒಂಬತ್ತು ಹತ್ತರ ನೋಟು ಮತ್ತು ಹತ್ತು ಬಿಡಿ ರೂಪಾಯಿ. ಸೊನ್ನೆಗಳ ತಲೆಯ ಮೇಲೆ ಶಾಲೆಯಲ್ಲಿ ಬರೆಸುವ ಆ ಒಂಬತ್ತು ಮತ್ತು ಹತ್ತು ಎಲ್ಲಿಂದ ಬಂದವು ಎಂಬುದು ಅವನಿಗೆ ಆಗ ಕಂಡಿತು. ಮೂರು ವಾರ ಹಿಡಿಯಿತು, ನಡುನಡುವೆ ಹಳೆಯ ತಪ್ಪು ಮತ್ತೆ ಮತ್ತೆ ಬಂತು. ಇಂಥ ಕೆಲಸ ಒಂದು ಸಂಜೆಯಲ್ಲಿ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಆಕ್ಷೇಪಗಳ ಕಡೆಗೆ ಬರುತ್ತೇನೆ, ಏಕೆಂದರೆ ಗಾರ್ಡ್‌ನರ್ ಅವರ ಹೆಸರಿನಲ್ಲಿ ಬಹಳಷ್ಟು ತಪ್ಪು ಕೆಲಸಗಳೂ ನಡೆಯುತ್ತಿವೆ. ಅವರ ಎಂಟು ಬಗೆಗಳು ಒಂದರಿಂದೊಂದು ಸ್ವತಂತ್ರ ಎಂಬುದನ್ನು ಅಳತೆಯ ಮೂಲಕ ತೋರಿಸಲು ಆಗಿಲ್ಲ ಎಂಬುದು ಮನೋವಿಜ್ಞಾನಿಗಳ ಮುಖ್ಯ ಆಕ್ಷೇಪ; ಭಾಷೆ, ತರ್ಕ, ಆಕಾರಗಳ ಪರೀಕ್ಷೆಗಳಲ್ಲಿ ಬರುವ ಅಂಕಗಳು ಸ್ಪಿಯರ್‌ಮನ್ ಹೇಳಿದಂತೆ ಒಂದರ ಜೊತೆ ಒಂದು ಏರಿಳಿಯುತ್ತವೆ. ಸಂಗೀತ, ಕ್ರೀಡೆಗಳ ಸಾಮರ್ಥ್ಯವನ್ನು ಬುದ್ಧಿ ಎಂದು ಕರೆಯುವ ಬದಲು ಪ್ರತಿಭೆ ಎಂದು ಕರೆದರೆ ಸಾಕು ಎಂದು ಹೇಳುವವರೂ ಇದ್ದಾರೆ. ಪದದ ಜಗಳ ಮನೆಯಲ್ಲಿ ಪಾಠ ಹೇಳುವವರಿಗೆ ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ಇನ್ನೊಂದು ಗೊಂದಲ. ಕೆಲವು ಮಕ್ಕಳು ಕಣ್ಣಿನಿಂದ ಕಲಿಯುತ್ತಾರೆ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ, ಆದ್ದರಿಂದ ಪ್ರತಿ ಮಗುವಿಗೂ ಅದರ ಶೈಲಿಯಲ್ಲೇ ಕಲಿಸಬೇಕು ಎಂಬ ಮಾತು ಎಲ್ಲ ಕಡೆ ಹಬ್ಬಿದೆ. ಹೀಗೆ ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲವೆಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ ತೋರಿಸಿದರು. ತಮ್ಮ ಸಿದ್ಧಾಂತವನ್ನು ಈ ಶೈಲಿಗಳ ಜೊತೆ ಬೆರೆಸಬಾರದೆಂದು ಗಾರ್ಡ್‌ನರ್ ಅವರೇ ಹೇಳಿದ್ದಾರೆ. ಬೆರಳಚ್ಚು ತೆಗೆದುಕೊಂಡು ಮಗುವಿನ ಬುದ್ಧಿಯ ಬಗೆಯನ್ನು ಹೇಳುತ್ತೇವೆ ಎಂದು ಹಣ ಕೇಳುವವರು ಬಂದರಂತೂ ಹೊಸಲಿನಿಂದಲೇ ತಿರುಗಿ ಕಳಿಸಬೇಕು. ಬೆರಳಿನ ಗೆರೆಗೂ ಬುದ್ಧಿಯ ಬಗೆಗೂ ಸಂಬಂಧವಿದೆ ಎಂಬುದಕ್ಕೆ ವಿಜ್ಞಾನದ ಆಧಾರವಿಲ್ಲ.

ಹಾಗಾದರೆ ಉಳಿಯುವುದೇನು? ನನ್ನ ಮಟ್ಟಿಗೆ ಎರಡು ಸಂಗತಿಗಳು ಗಟ್ಟಿಯಾಗಿ ಉಳಿಯುತ್ತವೆ: ಮಗುವನ್ನು ಅಂಕಪಟ್ಟಿಯ ಆಚೆಗೂ ನೋಡುವ ಅಭ್ಯಾಸ, ಒಂದೇ ಪಾಠಕ್ಕೆ ಹಲವು ಕಡೆಯಿಂದ ಬಾಗಿಲು ತೆರೆಯುವ ಅಭ್ಯಾಸ. ಎರಡನೆಯದರಲ್ಲಿ ಒಂದು ಸೂಕ್ಷ್ಮವಿದೆ. ಹಾಡುವ ಮಗುವಿಗೆ ಹಾಡಿನ ಬಾಗಿಲು ಮಾತ್ರ, ಚಿತ್ರ ಬರೆಯುವ ಮಗುವಿಗೆ ಚಿತ್ರದ ಬಾಗಿಲು ಮಾತ್ರ ಎಂದು ಹಂಚಿಕೊಟ್ಟರೆ ಮತ್ತೆ ಅದೇ ಹಣೆಪಟ್ಟಿಯ ಕೆಲಸವಾಗುತ್ತದೆ. ಎಲ್ಲ ಮಕ್ಕಳಿಗೂ ಎಲ್ಲ ಬಾಗಿಲುಗಳನ್ನೂ ತೆರೆದಿಡಬೇಕು, ಏಕೆಂದರೆ ಒಂದು ವಿಷಯವನ್ನು ಎರಡು ಮೂರು ಕಡೆಯಿಂದ ಕಂಡ ಮಗುವಿಗೇ ಅದು ನಿಜವಾಗಿ ದಕ್ಕುತ್ತದೆ.

ಭಿನ್ನರಾಶಿಯನ್ನು ತೆಗೆದುಕೊಳ್ಳಿ. ಎಂಟನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಎಂದರೆ ಬಹುಪಾಲು ಮಕ್ಕಳು ಮೊದಲ ಸಲ ಎಂಟನೇ ಒಂದು ಎನ್ನುತ್ತಾರೆ, ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ ಎಂಬ ನೇರ ತರ್ಕದಿಂದ. ನಮ್ಮ ಮನೆಯಲ್ಲಿ ಇದು ರೊಟ್ಟಿಯ ಮೇಲೆ ಇತ್ಯರ್ಥವಾಗುತ್ತದೆ. ಒಂದೇ ಅಳತೆಯ ಎರಡು ಜೋಳದ ರೊಟ್ಟಿಗಳಲ್ಲಿ ಒಂದನ್ನು ನಾಲ್ಕು ಪಾಲು, ಇನ್ನೊಂದನ್ನು ಎಂಟು ಪಾಲು ಮಾಡಿ, ಯಾವ ತುಂಡಿನಲ್ಲಿ ಹೆಚ್ಚು ಪಲ್ಯ ಹಿಡಿಯುತ್ತದೆ ಎಂದು ಕೇಳಿದರೆ ವಾದ ಮುಗಿಯುತ್ತದೆ. ಕೆಲವು ಮಕ್ಕಳಿಗೆ ಅಷ್ಟೇ ಸಾಕು. ಇನ್ನು ಕೆಲವರು ತಕ್ಕಡಿಯ ಭಾಷೆಯಲ್ಲಿ ಬೇಗ ಹಿಡಿಯುತ್ತಾರೆ: ಪಾವು ಕಿಲೋ ಎಂದರೆ 250 ಗ್ರಾಂ, ಅದರ ಅರ್ಧ 125 ಗ್ರಾಂ, ಅಂದರೆ ಕಿಲೋದ ಎಂಟನೇ ಒಂದು ಪಾಲು. ಹಲಗೆ ಬಾರಿಸುವ ಮನೆಯ ಒಬ್ಬ ಹುಡುಗಿ ಎಂಟು ಎಣಿಕೆಯ ಒಂದು ಸುತ್ತಿನಲ್ಲಿ ಎರಡೆರಡು ಎಣಿಕೆಗೆ ಒಂದು ಪೆಟ್ಟು ಹಾಕಿದರೆ ನಾಲ್ಕು ಪೆಟ್ಟು, ಪ್ರತಿ ಎಣಿಕೆಗೂ ಹಾಕಿದರೆ ಎಂಟು ಪೆಟ್ಟು, ಪೆಟ್ಟು ಹೆಚ್ಚಾದಷ್ಟೂ ನಡುವಿನ ಜಾಗ ಕಿರಿದಾಗುತ್ತದೆ ಎಂದು ನೆಲದ ಮೇಲೆ ಬಡಿದು ತೋರಿಸಿದಳು. ಈ ವಿವರಣೆ ನನಗೆ ಹೊಳೆದಿರಲಿಲ್ಲ. ಅವಳು ಹಾಗೆ ಹೇಳಿದ ಮೇಲೆ ರೊಟ್ಟಿಯಲ್ಲಿ ತಿಳಿದುಕೊಂಡಿದ್ದ ಮಕ್ಕಳೂ ಬಡಿದು ನೋಡಿದರು. ಕೊನೆಗೆ ಎಲ್ಲರೂ ಅದನ್ನು ಅಂಕಿಯಲ್ಲಿ, ಗೆರೆಯ ಮೇಲೆ ಮತ್ತು ಕೆಳಗೆ, ಬರೆಯಲೇಬೇಕು. ಆ ಹೆಜ್ಜೆಯನ್ನು ಬಿಟ್ಟರೆ ರೊಟ್ಟಿಯೂ ತಾಳವೂ ಬರಿಯ ಆಟವಾಗಿ ಉಳಿಯುತ್ತವೆ.

ನೋಡುವ ಅಭ್ಯಾಸದ ಬಗ್ಗೆ ಇಷ್ಟು ಹೇಳಬಹುದು. ನಾನು ಪ್ರತಿ ಮಗುವಿಗೂ ನೋಟ್‌ಪುಸ್ತಕದ ಒಂದು ಪುಟ ಇಟ್ಟಿದ್ದೇನೆ, ಅದರಲ್ಲಿ ಅಂಕ ಬರೆಯುವುದಿಲ್ಲ. ಯಾರೂ ಹೇಳದಿದ್ದಾಗ ಮಗು ತಾನಾಗಿ ಏನು ಮಾಡುತ್ತದೆ, ಯಾವ ಕೆಲಸದಲ್ಲಿ ಊಟದ ಕರೆ ಕೇಳಿಸುವುದಿಲ್ಲ, ದಾರಿ ಹೇಳುವಾಗ ಬೆರಳಿನಿಂದ ನಕ್ಷೆ ಬರೆಯುತ್ತದೋ ಮಾತಿನಲ್ಲಿ ಹೇಳುತ್ತದೋ, ಇಬ್ಬರು ಜಗಳವಾಡಿದಾಗ ಯಾರು ಹೋಗಿ ಬಿಡಿಸುತ್ತಾರೆ, ತಪ್ಪು ಮಾಡಿದಾಗ ಯಾವ ಬಗೆಯ ತಪ್ಪು ಎಂಬುದನ್ನು ದಿನಾಂಕದೊಂದಿಗೆ ಒಂದೆರಡು ಸಾಲಿನಲ್ಲಿ ಬರೆಯುತ್ತೇನೆ. ‘ಇವಳು ಕಲಾವಿದೆ’ ಎಂಬಂಥ ತೀರ್ಮಾನ ಬರೆದರೆ ಮುಂದೆ ಕಣ್ಣು ಅದನ್ನೇ ಹುಡುಕುತ್ತದೆ. ‘ಮಂಗಳವಾರ ರಂಗೋಲಿಯ ಚುಕ್ಕಿಗಳನ್ನು ಸಾಲಿನಲ್ಲಿ ಎಣಿಸದೆ ಗುಣಿಸಿ ಹೇಳಿದಳು’ ಎಂದು ಬರೆದರೆ ಮುಂದಿನ ಪಾಠಕ್ಕೆ ಉಪಯೋಗ. ಇನ್ನೊಂದು ಎಚ್ಚರಿಕೆ ಅವಕಾಶದ್ದು. ವಾದ್ಯವನ್ನೇ ಮುಟ್ಟದ ಮಗುವಿನಲ್ಲಿ ಸಂಗೀತವಿಲ್ಲ ಎನ್ನಲು ಆಗದು. ನಾಲ್ಕು ಗಂಟೆಯ ಮೇಲೆ ನೀರು, ಪಾತ್ರೆ, ತಮ್ಮನ ಆರೈಕೆಗೆ ಸಿಕ್ಕ ಹೆಣ್ಣುಮಗುವಿಗೆ ಯಾವುದರಲ್ಲೂ ಆಸಕ್ತಿಯಿಲ್ಲ ಎನ್ನುವುದು ಅನ್ಯಾಯ. ಅವಳಿಗೆ ಬಿಡುವಿನ ಒಂದು ಗಂಟೆ ಸಿಗುವಂತೆ ಮನೆಯವರೊಂದಿಗೆ ಮಾತನಾಡುವುದೇ ಆಗ ಮೊದಲ ಪಾಠ.

ತಲೆಗೆ ಹತ್ತುವುದಿಲ್ಲ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಬುದ್ಧಿಯ ಬಗೆಗೆ ಸಂಬಂಧವೇ ಇಲ್ಲದ ಕಾರಣವಿರುತ್ತದೆ. ಶಾಲೆಯ ಕರಿಹಲಗೆಯ ಮೇಲಿನ ಬರಹ ಕಾಣದ ಮಗು, ಒಂದು ಕಿವಿ ಮಂದವಾಗಿರುವ ಮಗು, ರಕ್ತಹೀನತೆಯಿಂದ ದಣಿದ ಮಗು, ಇವರಿಗೆ ಮೊದಲು ಬೇಕಾದವರು ವೈದ್ಯರು. ಮಾತಿನಲ್ಲಿ ಚುರುಕಾಗಿದ್ದೂ ಅಕ್ಷರಗಳನ್ನು ಕೂಡಿಸಿ ಓದುವಾಗ ಮಾತ್ರ ವರ್ಷಗಟ್ಟಲೆ ತಡವರಿಸುವ ಮಗುವಿಗೆ ಡಿಸ್ಲೆಕ್ಸಿಯಾ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ನಿರ್ದಿಷ್ಟ ಕಲಿಕಾ ತೊಂದರೆಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ, ಪ್ರಮಾಣೀಕರಿಸಿದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲಗಳೂ ಇವೆ. ‘ಇವನದು ಬೇರೆ ಬಗೆಯ ಬುದ್ಧಿ’ ಎಂದು ಸಮಾಧಾನ ಹೇಳಿ ಕೂರಿಸಿದರೆ ಆ ಮಗುವಿಗೆ ಸಿಗಬೇಕಾದ ನೆರವು ಸಿಗದೇ ಹೋಗುತ್ತದೆ. ಓದು, ಬರಹ, ಲೆಕ್ಕ ಮೂರೂ ಪ್ರತಿ ಮಗುವಿಗೂ ಬರಲೇಬೇಕು ಎಂಬುದರಲ್ಲಿ ನನಗೆ ರಾಜಿ ಇಲ್ಲ.

ಗಾರ್ಡ್‌ನರ್ ಪಟ್ಟಿಯಲ್ಲಿ ತನ್ನನ್ನು ತಾನು ಅರಿಯುವ ಬುದ್ಧಿಯ ಬಗ್ಗೆ ನಾವು ಕಡಿಮೆ ಮಾತನಾಡುತ್ತೇವೆ, ಹೊರಗೆ ಕಾಣುವಂಥ ಕೆಲಸ ಅದಕ್ಕೆ ಇಲ್ಲದ್ದರಿಂದ. ಮನೆಪಾಠದಲ್ಲಿ ಅದನ್ನು ಬೆಳೆಸಲು ನಾನು ಮಾಡುವುದು ಒಂದೇ: ಪಾಠ ಮುಗಿದ ಮೇಲೆ ಇವತ್ತು ಯಾವುದು ತಿಳಿಯಿತು, ಎಲ್ಲಿ ಸಿಕ್ಕಿಬಿದ್ದೆ, ಸಿಕ್ಕಿಬಿದ್ದಾಗ ಏನು ಮಾಡಿದೆ ಎಂದು ಪ್ರತಿ ಮಗುವನ್ನೂ ಕೇಳುವುದು. ಮೊದಮೊದಲು ಎಲ್ಲರೂ ‘ಎಲ್ಲಾ ತಿಳೀತ್ರೀ’ ಎನ್ನುತ್ತಾರೆ. ತಿಂಗಳು ಕಳೆದ ಮೇಲೆ ಉತ್ತರಗಳು ಬದಲಾಗುತ್ತವೆ. ಪಲ್ಲೆ ಮಾರುವ ಹುಡುಗ ಒಂದು ಸಂಜೆ, 503ರಲ್ಲಿ 78 ಕಳೆಯುವ ಲೆಕ್ಕವನ್ನು ಎರಡು ಸಲ ತಪ್ಪಿ ಮೂರನೆಯ ಸಲ ಸರಿ ಮಾಡಿದ ಮೇಲೆ, ನಾನು ಕೇಳುವ ಮೊದಲೇ ಹೇಳಿದ: ‘ನಡುವ ಸೊನ್ನಿ ಇದ್ರ ಗಡಿಬಿಡಿ ಮಾಡ್ತೀನ್ರೀ. ಅಲ್ಲಿ ನಿಂತು ನೋಟು ಮುರಿಸಬೇಕು.’ ಆ ದಿನ ಅವನ ಪುಟದಲ್ಲಿ ಅವನ ಮಾತನ್ನೇ ಬರೆದಿಟ್ಟೆ.